ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ? ವಿಮಾನದ ದಾರಿಯನ್ನು ನೀವೇ ಅಳೆಯುವ ಬಗೆ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ವಿಮಾನದಲ್ಲಿ ಎಷ್ಟು ದೂರ? ಹುಡುಕಿ ನೋಡಿದರೆ ಒಂದೊಂದು ಕಡೆ ಒಂದೊಂದು ಉತ್ತರ. 14,000 ಅಂತ ಒಂದು ಕಡೆ, 16,000 ಅಂತ ಇನ್ನೊಂದು ಕಡೆ. 8,700 ಅಂತಲೂ ಸಿಗುತ್ತದೆ, 7,550 ಅಂತಲೂ ಸಿಗುತ್ತದೆ. ಇವುಗಳಲ್ಲಿ ಯಾವುದೂ ತಪ್ಪಲ್ಲ. ಕೊನೆಯ ಎರಡು ಸಂಖ್ಯೆಗಳು ಮೈಲಿ ಮತ್ತು ಪೈಲಟ್‌ಗಳು ಬಳಸುವ ನಾಟಿಕಲ್ ಮೈಲಿಯ ಲೆಕ್ಕ. ಮೊದಲ ಎರಡು ಕಿಲೋಮೀಟರ್ ಲೆಕ್ಕ, ಅವುಗಳಲ್ಲಿ ಒಂದು ಭೂಮಿಯ ಮೇಲಿನ ಅತಿ ಹತ್ತಿರದ ದಾರಿ, ಇನ್ನೊಂದು ವಿಮಾನ ನಿಜವಾಗಿ ಹಾರಿದ ದಾರಿ.

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ ಸನ್ನಿವೇಲ್, ಫ್ರೀಮಾಂಟ್, ಸ್ಯಾನ್ ಹೋಸೆಗಳಲ್ಲಿ ಕನ್ನಡದ ಮನೆಗಳು ಎಷ್ಟೊಂದು ಇವೆ! ಮಗಳ ಬಾಣಂತನಕ್ಕೆ ಹೊರಟ ಅಮ್ಮ, ಮೊಮ್ಮಗನನ್ನು ನೋಡಲು ಹೊರಟ ತಾತ, ರಜೆಗೆ ಊರಿಗೆ ಬರುವ ಸಂಸಾರ, ಎಲ್ಲರಿಗೂ ಈ ದೂರ ಮೈಮೇಲೆ ಬೀಳುವಂಥದ್ದು. ಹಾಗಾಗಿ ಈ ಎರಡು ಊರನ್ನೇ ಹಿಡಿದು ಲೆಕ್ಕ ಹೇಳುತ್ತೇನೆ. ವಿಧಾನ ಗೊತ್ತಾದರೆ ಯಾವ ಎರಡು ಊರಿಗಾದರೂ ನೀವೇ ಹಾಕಿಕೊಳ್ಳಬಹುದು. ಬೇಕಾಗುವುದು ಒಂದು ಗ್ಲೋಬ್, ಒಂದು ತುಂಡು ದಾರ, ಮೊಬೈಲಿನ ಕ್ಯಾಲ್ಕುಲೇಟರ್, ಅಷ್ಟೇ.

ಹಂತ 1: ಯಾವ ದೂರ ಬೇಕು ಅಂತ ಮೊದಲು ಕೇಳಿಕೊಳ್ಳಿ

ದೂರ ಯಾಕೆ ಬೇಕು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಮಕ್ಕಳ ಶಾಲೆಯ ಪ್ರಾಜೆಕ್ಟಿಗಾದರೆ ಭೂಮಿಯ ಮೇಲಿನ ಅತಿ ಹತ್ತಿರದ ದೂರ ಸಾಕು. ಯುರೋಪ್ ಒಕ್ಕೂಟದ ನಿಯಮದಡಿ ತಡವಾದ ವಿಮಾನಕ್ಕೆ ಪರಿಹಾರ ಕೇಳುವುದಿದ್ದರೂ ಅದೇ ದೂರ ಬೇಕು. 2004ರ ಆ ನಿಯಮ ಪರಿಹಾರದ ಮೊತ್ತವನ್ನು 1,500 ಮತ್ತು 3,500 ಕಿಲೋಮೀಟರ್‌ಗಳ ಗಡಿಯಿಂದ ಅಳೆಯುತ್ತದೆ. ಅಲ್ಲಿ ಲೆಕ್ಕಕ್ಕೆ ಬರುವುದು ವಿಮಾನ ಸುತ್ತಿದ ದೂರವಲ್ಲ, ಎರಡು ನಿಲ್ದಾಣಗಳ ನಡುವಿನ ಹತ್ತಿರದ ದೂರ.

ಎಷ್ಟು ಹೊತ್ತು ಕೂತಿರಬೇಕು ಅನ್ನುವುದು ನಿಮ್ಮ ಪ್ರಶ್ನೆಯಾದರೆ ಆ ದೂರವೊಂದೇ ಸಾಲದು. ವಿಮಾನ ಹೋಗುವ ದಾರಿ ಬೇಕು, ಗಾಳಿ ಯಾವ ಕಡೆಗೆ ಬೀಸುತ್ತದೆ ಅನ್ನುವುದೂ ಬೇಕು. ಬಹಳ ಜನ ಇಲ್ಲೇ ಎಡವುವುದು. ಕಿಲೋಮೀಟರ್ ಕಡಿಮೆ ಇದ್ದರೆ ಗಂಟೆಯೂ ಕಡಿಮೆ ಅಂದುಕೊಳ್ಳುತ್ತಾರೆ. ಹಾಗಾಗಲೇಬೇಕು ಅಂತೇನೂ ಇಲ್ಲ. ಅದಕ್ಕೆ ಒಳ್ಳೆಯ ಉದಾಹರಣೆ 6ನೇ ಹಂತದಲ್ಲಿ ಇದೆ.

ಹಂತ 2: ಊರಿನಿಂದಲ್ಲ, ನಿಲ್ದಾಣದಿಂದ ಅಳೆಯಿರಿ

ವಿಮಾನ ಮೆಜೆಸ್ಟಿಕ್‌ನಿಂದ ಏಳುವುದಿಲ್ಲ, ದೇವನಹಳ್ಳಿ ಬಳಿಯ ಕೆಂಪೇಗೌಡ ನಿಲ್ದಾಣದಿಂದ ಏಳುತ್ತದೆ. ಆ ಕಡೆ ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣವೂ ನಗರದ ದಕ್ಷಿಣಕ್ಕೆ, ಕೊಲ್ಲಿಯ ದಂಡೆಯಲ್ಲಿದೆ. ಸಾವಿರಾರು ಕಿಲೋಮೀಟರ್ ದಾರಿಯಲ್ಲಿ ಇದು ದೊಡ್ಡ ವ್ಯತ್ಯಾಸವಲ್ಲ. ಆದರೂ ಎರಡು ಜಾಲತಾಣಗಳ ಉತ್ತರದಲ್ಲಿ ಮೂವತ್ತು ನಲವತ್ತು ಕಿಲೋಮೀಟರ್ ಹೆಚ್ಚುಕಡಿಮೆ ಕಂಡರೆ ಕಾರಣ ಬಹುಪಾಲು ಇದೇ.

ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ಗೂಗಲ್ ನಕ್ಷೆಯಲ್ಲಿ ನಿಲ್ದಾಣದ ಮೇಲೆ ಬೆರಳು ಒತ್ತಿ ಹಿಡಿದರೆ ಎರಡೂ ಸಿಗುತ್ತವೆ.

ಬೆಂಗಳೂರು: ಉತ್ತರ ಅಕ್ಷಾಂಶ 13.20, ಪೂರ್ವ ರೇಖಾಂಶ 77.71.
ಸ್ಯಾನ್ ಫ್ರಾನ್ಸಿಸ್ಕೋ: ಉತ್ತರ ಅಕ್ಷಾಂಶ 37.62, ಪಶ್ಚಿಮ ರೇಖಾಂಶ 122.38.

ದಶಮಾಂಶದ ನಂತರ ಎರಡು ಅಂಕಿ ಸಾಕು.

ಹಂತ 3: ಗೋಡೆಯ ನಕ್ಷೆ ಬಿಟ್ಟು ಗ್ಲೋಬ್ ಹಿಡಿಯಿರಿ

ಕ್ಯಾಲ್ಕುಲೇಟರ್ ಮುಟ್ಟುವ ಮೊದಲು ಇದೊಂದನ್ನು ಮಾಡಿ ನೋಡಿ ಅಂತ ಕೇಳಿಕೊಳ್ಳುತ್ತೇನೆ. ಮನೆಯಲ್ಲಿ ಮಕ್ಕಳಿದ್ದರೆ ಅವರನ್ನೂ ಜೊತೆಗೆ ಕೂರಿಸಿಕೊಳ್ಳಿ.

ಗೋಡೆಯ ನಕ್ಷೆಯಲ್ಲಿ ಬೆಂಗಳೂರಿನಿಂದ ಪೂರ್ವಕ್ಕೆ, ಪೆಸಿಫಿಕ್ ದಾಟಿ ಸ್ಯಾನ್ ಫ್ರಾನ್ಸಿಸ್ಕೋಗೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಬಂಗಾಳ ಕೊಲ್ಲಿ, ಆಗ್ನೇಯ ಏಷ್ಯಾ, ಪೆಸಿಫಿಕ್ ಮೇಲೆ ಹೋಗುತ್ತದೆ. ಶಾಲೆಯ ಗೋಡೆಗಳಲ್ಲಿ ಹೆಚ್ಚಾಗಿ ಕಾಣುವ ಮರ್ಕೇಟರ್ ಬಗೆಯ ನಕ್ಷೆಯಲ್ಲಿ ಈ ಗೆರೆಯ ಉದ್ದ ಲೆಕ್ಕ ಹಾಕಿದರೆ ಸುಮಾರು 16,100 ಕಿಲೋಮೀಟರ್ ಬರುತ್ತದೆ. ನೋಡಲು ನೇರ, ಆದರೆ ಹತ್ತಿರದ ದಾರಿಯಲ್ಲ. ದುಂಡಗಿನ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸುವಾಗ ಧ್ರುವಗಳ ಕಡೆಯ ಜಾಗ ವಿಪರೀತ ಹಿಗ್ಗುತ್ತದೆ. ಸಮಭಾಜಕದ ಮೇಲೆ ಒಂದು ಡಿಗ್ರಿ ರೇಖಾಂಶ ಅಂದರೆ 111 ಕಿಲೋಮೀಟರ್. 60 ಡಿಗ್ರಿ ಉತ್ತರಕ್ಕೆ ಹೋದರೆ ಅದೇ ಒಂದು ಡಿಗ್ರಿ ಅರ್ಧಕ್ಕೆ ಇಳಿಯುತ್ತದೆ. ನಕ್ಷೆ ಮಾತ್ರ ಎರಡನ್ನೂ ಒಂದೇ ಅಗಲಕ್ಕೆ ತೋರಿಸುತ್ತದೆ.

ಈಗ ಗ್ಲೋಬ್ ಮೇಲೆ ಬೆಂಗಳೂರಿನಲ್ಲಿ ದಾರದ ಒಂದು ತುದಿ ಒತ್ತಿ ಹಿಡಿಯಿರಿ. ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ತಂದು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಜಾರಿ ಒಂದು ಕಡೆ ನಿಲ್ಲುತ್ತದೆ. ಅದೇ ಅತಿ ಹತ್ತಿರದ ದಾರಿ. ಭೂಗೋಳದ ಪಾಠದಲ್ಲಿ ಇದಕ್ಕೆ ಮಹಾವೃತ್ತದ ದಾರಿ ಅನ್ನುತ್ತಾರೆ.

ದಾರ ಎಲ್ಲೆಲ್ಲಿ ಹೋಯಿತು ಅಂತ ನೋಡಿ. ಬೆಂಗಳೂರಿನಿಂದ ಪೂರ್ವಕ್ಕಲ್ಲ, ಹೆಚ್ಚುಕಡಿಮೆ ಉತ್ತರಕ್ಕೇ ಹೊರಡುತ್ತದೆ, ಸ್ವಲ್ಪ ಬಲಕ್ಕೆ ವಾಲಿಕೊಂಡು. ಹೈದರಾಬಾದಿನ ಪೂರ್ವಕ್ಕೆ ಹಾದು, ಪ್ರಯಾಗರಾಜ್ ಮತ್ತು ವಾರಾಣಸಿಯ ನಡುವೆ ನುಸುಳಿ, ನೇಪಾಳದಲ್ಲಿ ಪೋಖರಾದ ಹತ್ತಿರ ಹಿಮಾಲಯ ಏರುತ್ತದೆ. ಆಮೇಲೆ ಟಿಬೆಟ್, ಚೀನಾದ ಪಶ್ಚಿಮ ಭಾಗ, ಮಂಗೋಲಿಯಾದ ಪಶ್ಚಿಮ ಭಾಗ, ಸೈಬೀರಿಯಾ. ಸೈಬೀರಿಯಾದ ಈಶಾನ್ಯ ತುದಿಯಲ್ಲಿ, ಸುಮಾರು 71 ಡಿಗ್ರಿ ಉತ್ತರದಲ್ಲಿ ಆರ್ಕ್ಟಿಕ್ ಸಮುದ್ರದ ಅಂಚು ಮುಟ್ಟಿ ಇಳಿಯಲು ಶುರು ಮಾಡುತ್ತದೆ. ಅಲಾಸ್ಕಾವನ್ನು ಅಡ್ಡಕ್ಕೆ ದಾಟಿ, ಕೆನಡಾದ ಕರಾವಳಿಯ ಆಚೆ ಸಮುದ್ರದ ಮೇಲೆ ಇಳಿದು ಕ್ಯಾಲಿಫೋರ್ನಿಯಾ ಸೇರುತ್ತದೆ.

ಇದನ್ನು ಕಣ್ಣಾರೆ ನೋಡಿದರೆ ಭೂಮಿ ದುಂಡಗಿದೆ ಅನ್ನುವ ಪಾಠ ಮಕ್ಕಳಿಗೆ ಬೇರೆಯೇ ರೀತಿ ಅರ್ಥವಾಗುತ್ತದೆ. ನನ್ನ ಮಟ್ಟಿಗೆ ಈ ಇಡೀ ಲೆಕ್ಕದಲ್ಲಿ ಅತಿ ಖುಷಿ ಕೊಡುವ ಭಾಗ ಇದೇ.

ದಾರದಿಂದಲೇ ದೂರವೂ ಸಿಗುತ್ತದೆ. ಮೊದಲು ದಾರವನ್ನು ಸಮಭಾಜಕದ ಸುತ್ತ ಒಂದು ಸುತ್ತು ಹಾಕಿ ಅಳೆಯಿರಿ. 30 ಸೆಂಟಿಮೀಟರ್ ಅಡ್ಡಳತೆಯ ಗ್ಲೋಬ್ ಆದರೆ ಸುಮಾರು 94 ಸೆಂಟಿಮೀಟರ್ ಬರುತ್ತದೆ. ಅದು ಭೂಮಿಯ ಸುತ್ತಳತೆ, ಅಂದರೆ ಸುಮಾರು 40,000 ಕಿಲೋಮೀಟರ್. ಎರಡು ಊರಿನ ನಡುವಿನ ದಾರ ಸುಮಾರು 33 ಸೆಂಟಿಮೀಟರ್ ಇರುತ್ತದೆ. 33ನ್ನು 94ರಿಂದ ಭಾಗಿಸಿ 40,000ದಿಂದ ಗುಣಿಸಿ. 14,000 ಚಿಲ್ಲರೆ ಬಂತು, ಅಲ್ವಾ? ಒಂದು ದಾರಕ್ಕೆ ಇಷ್ಟು ಸರಿಯಾದ ಉತ್ತರ ಬಂದರೆ ಸಾಕು.

ಹಂತ 4: ಕ್ಯಾಲ್ಕುಲೇಟರ್‌ನಲ್ಲಿ ಲೆಕ್ಕ

ಮೊಬೈಲನ್ನು ಅಡ್ಡ ತಿರುಗಿಸಿದರೆ ಬಹಳಷ್ಟು ಫೋನುಗಳಲ್ಲಿ ಸೈನ್, ಕಾಸ್ ಗುಂಡಿಗಳು ಬರುತ್ತವೆ. ಅಳತೆ ಡಿಗ್ರಿಯಲ್ಲಿ ಇದೆಯೇ ಅಂತ ಮೊದಲು ನೋಡಿಕೊಳ್ಳಿ. ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ನಲ್ಲಿದ್ದರೆ ಉತ್ತರ ಪೂರ್ತಿ ಕೆಡುತ್ತದೆ. ಪರೀಕ್ಷೆ ಸುಲಭ: ಸೈನ್ 30 ಒತ್ತಿದರೆ 0.5 ಬರಬೇಕು. ಎಕ್ಸೆಲ್‌ನಲ್ಲಿ ಮಾಡುವವರು ಅದು ಯಾವಾಗಲೂ ರೇಡಿಯನ್‌ನಲ್ಲೇ ಲೆಕ್ಕ ಹಾಕುತ್ತದೆ ಅನ್ನುವುದನ್ನು ಮರೆಯಬೇಡಿ. ಅಲ್ಲಿ ಡಿಗ್ರಿಯನ್ನು ಮೊದಲು ರೇಡಿಯನ್‌ಗೆ ಬದಲಾಯಿಸಿಕೊಳ್ಳಬೇಕು.

ಮೊದಲ ಕೆಲಸ, ರೇಖಾಂಶಗಳ ಅಂತರ. ಎರಡೂ ಊರು ಪೂರ್ವದಲ್ಲಿದ್ದರೆ ಅಥವಾ ಎರಡೂ ಪಶ್ಚಿಮದಲ್ಲಿದ್ದರೆ ಕಳೆಯಿರಿ. ಒಂದು ಪೂರ್ವ, ಒಂದು ಪಶ್ಚಿಮ ಆದರೆ ಕೂಡಿಸಿ. ನಮ್ಮದು ಎರಡನೆಯ ಬಗೆ: 77.71 ಮತ್ತು 122.38 ಕೂಡಿಸಿದರೆ 200.09. ಇದು 180ಕ್ಕಿಂತ ಜಾಸ್ತಿ. ಅಂದರೆ ಇನ್ನೊಂದು ಕಡೆಯಿಂದ ಹೋದರೆ ಹತ್ತಿರ. 360ರಿಂದ ಕಳೆದರೆ 159.91 ಸಿಗುತ್ತದೆ. ಇದೇ ನಮಗೆ ಬೇಕಾದ ಅಂತರ.

ಈಗ ಎರಡು ಗುಣಾಕಾರ.

ಒಂದು: ಎರಡೂ ಅಕ್ಷಾಂಶಗಳ ಸೈನ್ ಗುಣಿಸಿ. ಸೈನ್ 13.20 ಅಂದರೆ 0.2284. ಸೈನ್ 37.62 ಅಂದರೆ 0.6104. ಗುಣಿಸಿದರೆ 0.1394.

ಎರಡು: ಎರಡೂ ಅಕ್ಷಾಂಶಗಳ ಕಾಸ್ ಗುಣಿಸಿ, ಅದನ್ನು ರೇಖಾಂಶದ ಅಂತರದ ಕಾಸ್‌ನಿಂದ ಮತ್ತೆ ಗುಣಿಸಿ. ಕಾಸ್ 13.20 ಅಂದರೆ 0.9736. ಕಾಸ್ 37.62 ಅಂದರೆ 0.7921. ಕಾಸ್ 159.91 ಅಂದರೆ ಮೈನಸ್ 0.9392. ಮೂರನ್ನೂ ಗುಣಿಸಿದರೆ ಮೈನಸ್ 0.7243.

ಎರಡೂ ಉತ್ತರ ಕೂಡಿಸಿ: ಮೈನಸ್ 0.5849. ಈ ಸಂಖ್ಯೆಗೆ ಕಾಸ್ ಇನ್ವರ್ಸ್ ಒತ್ತಿ. 125.8 ಡಿಗ್ರಿ ಬರುತ್ತದೆ. ಭೂಮಿಯ ನಡುಬಿಂದುವಿನಲ್ಲಿ ನಿಂತು ಈ ಎರಡು ನಿಲ್ದಾಣಗಳ ಕಡೆ ಕೈ ಚಾಚಿದರೆ ಎರಡು ಕೈಗಳ ನಡುವೆ ಇರುವ ಕೋನ ಇದು. ಒಂದು ಡಿಗ್ರಿಗೆ 111.2 ಕಿಲೋಮೀಟರ್. ಗುಣಿಸಿದರೆ ಸುಮಾರು 13,990 ಕಿಲೋಮೀಟರ್.

2021ರಲ್ಲಿ ಈ ದಾರಿಯಲ್ಲಿ ನೇರ ವಿಮಾನ ಶುರು ಮಾಡಿದಾಗ ಏರ್ ಇಂಡಿಯಾ ಹೇಳಿದ ನೇರ ದೂರ 13,993 ಕಿಲೋಮೀಟರ್. ನಮ್ಮ ಲೆಕ್ಕ ಅದರ ಪಕ್ಕದಲ್ಲೇ ಬಂದು ನಿಂತಿದೆ. ಉಳಿದ ಚೂರುಪಾರು ವ್ಯತ್ಯಾಸಕ್ಕೆ ಭೂಮಿಯ ಆಕಾರವೂ ಒಂದು ಕಾರಣ. ಭೂಮಿ ಪೂರ್ತಿ ಚೆಂಡಲ್ಲ. ಸಮಭಾಜಕದಲ್ಲಿ ತ್ರಿಜ್ಯ 6,378 ಕಿಲೋಮೀಟರ್, ಧ್ರುವದಲ್ಲಿ 6,357. ಒಂದು ಡಿಗ್ರಿಗೆ 111.2 ಅನ್ನುವಾಗ ನಾವು ಸರಾಸರಿ 6,371 ಹಿಡಿದಿದ್ದೇವೆ.

ಲೆಕ್ಕ ಬೇಡ ಅನ್ನುವವರು ಗ್ರೇಟ್ ಸರ್ಕಲ್ ಮ್ಯಾಪರ್ ಜಾಲತಾಣದಲ್ಲಿ ನಿಲ್ದಾಣಗಳ ಮೂರಕ್ಷರದ ಸಂಕೇತ ಹಾಕಿ ನೋಡಬಹುದು. ಬೆಂಗಳೂರಿಗೆ ಬಿಎಲ್‌ಆರ್, ಸ್ಯಾನ್ ಫ್ರಾನ್ಸಿಸ್ಕೋಗೆ ಎಸ್‌ಎಫ್‌ಒ. ಗೂಗಲ್ ಅರ್ಥ್‌ನಲ್ಲೂ ದೂರ ಅಳೆಯುವ ಸೌಲಭ್ಯ ಇದೆ. ಆದರೂ ಒಮ್ಮೆ ಕೈಯಾರೆ ಹಾಕಿ ನೋಡಿ. ಆಮೇಲೆ ಯಾವ ಜಾಲತಾಣ ಯಾವ ದೂರ ಹೇಳುತ್ತಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ಹಂತ 5: ಉತ್ತರ ಸರಿಯೇ ಅಂತ ತಾಳೆ ನೋಡಿ

ಭೂಮಿಯ ಮೇಲೆ ಯಾವ ಎರಡು ಊರಿನ ನಡುವೆಯೂ ಹತ್ತಿರದ ದೂರ 20,000 ಕಿಲೋಮೀಟರ್ ಚಿಲ್ಲರೆಗಿಂತ ಜಾಸ್ತಿ ಇರಲಾರದು, ಅದು ಅರ್ಧ ಸುತ್ತು. ನಿಮ್ಮ ಉತ್ತರ ಅದನ್ನು ಮೀರಿದರೆ ಎಲ್ಲೋ ತಪ್ಪಿದೆ.

ನಮ್ಮ ಎರಡು ಊರಿಗೆ ಇನ್ನೊಂದು ಸುಲಭದ ತಾಳೆ ಇದೆ. ಇವೆರಡೂ ಭೂಮಿಯ ಹೆಚ್ಚುಕಡಿಮೆ ಎದುರುಬದುರು ಬದಿಯಲ್ಲಿವೆ. ಆದ್ದರಿಂದ ಉತ್ತರ ಧ್ರುವದ ಮೇಲಿಂದಲೇ ಹೋದರೆ ಎಷ್ಟು ಅಂತ ಬಾಯಿಲೆಕ್ಕ ಹಾಕಬಹುದು. ಬೆಂಗಳೂರಿನಿಂದ ಧ್ರುವಕ್ಕೆ 90ರಲ್ಲಿ 13.20 ಕಳೆದರೆ 76.80 ಡಿಗ್ರಿ. ಧ್ರುವದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 90ರಲ್ಲಿ 37.62 ಕಳೆದರೆ 52.38 ಡಿಗ್ರಿ. ಎರಡೂ ಸೇರಿ 129.18. ಕಿಲೋಮೀಟರ್‌ನಲ್ಲಿ ಸುಮಾರು 14,365. ಅಂದರೆ ಧ್ರುವ ಮುಟ್ಟಿ ಹೋದರೂ ಹತ್ತಿರದ ದಾರಿಗಿಂತ 400 ಕಿಲೋಮೀಟರ್ ಕೂಡ ಹೆಚ್ಚಾಗುವುದಿಲ್ಲ! ಬೆಂಗಳೂರಿನ ವಿಮಾನ ಧ್ರುವದ ಕಡೆ ಯಾಕೆ ಹೋಗುತ್ತದೆ ಅನ್ನುವ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಅಳತೆಯ ಹೆಸರನ್ನೂ ನೋಡಿಕೊಳ್ಳಿ. ಅಮೆರಿಕದ ಜಾಲತಾಣಗಳು ಮೈಲಿ ಬರೆಯುತ್ತವೆ, ಒಂದು ಮೈಲಿ 1.609 ಕಿಲೋಮೀಟರ್. ಪೈಲಟ್‌ಗಳು ನಾಟಿಕಲ್ ಮೈಲಿಯಲ್ಲಿ ಮಾತಾಡುತ್ತಾರೆ, ಅದು 1.852 ಕಿಲೋಮೀಟರ್. ಕೋನದ ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿ. ಹಾಗಾಗಿ 125.8ನ್ನು 60ರಿಂದ ಗುಣಿಸಿದರೆ ಸಾಕು, 7,550 ಹತ್ತಿರ ಬರುತ್ತದೆ. ಮೈಲಿಯಲ್ಲಿ ಅದೇ 8,700 ಹತ್ತಿರ. ಮೊದಲು ಹೇಳಿದ ನಾಲ್ಕು ಸಂಖ್ಯೆಗಳಲ್ಲಿ ಮೂರಕ್ಕೆ ಲೆಕ್ಕ ಸಿಕ್ಕಿತು. ಉಳಿದದ್ದು 16,000.

ಹಂತ 6: ವಿಮಾನ ನಿಜವಾಗಿ ಹೋಗುವ ದಾರಿ

ದಾರ ತೋರಿಸಿದ ದಾರಿಯಲ್ಲಿ ವಿಮಾನ ಹಾಗೇ ಹೋಗುವುದಿಲ್ಲ. ಮುಖ್ಯವಾಗಿ ಮೂರು ಅಡ್ಡಿಗಳಿವೆ.

ಮೊದಲನೆಯದು ಹಿಮಾಲಯ ಮತ್ತು ಟಿಬೆಟ್. ವಿಮಾನ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಹಾರುತ್ತದೆ, ಬೆಟ್ಟ ತಗಲುವ ಭಯವಲ್ಲ ಇದು. ಒಳಗಿನ ಗಾಳಿಯ ಒತ್ತಡ ಇದ್ದಕ್ಕಿದ್ದಂತೆ ಇಳಿದರೆ ಪೈಲಟ್ ವಿಮಾನವನ್ನು ಬೇಗನೆ 10,000 ಅಡಿಗೆ, ಅಂದರೆ ಸುಮಾರು 3 ಕಿಲೋಮೀಟರ್ ಎತ್ತರಕ್ಕೆ ಇಳಿಸಬೇಕು. ಅಲ್ಲಿ ಮಾಸ್ಕ್ ಇಲ್ಲದೆ ಉಸಿರಾಡಬಹುದು. ಪ್ರಯಾಣಿಕರ ತಲೆಯ ಮೇಲಿಂದ ಇಳಿಯುವ ಮಾಸ್ಕ್‌ನಲ್ಲಿ ಆಮ್ಲಜನಕ ಇರುವುದು ಸಾಮಾನ್ಯವಾಗಿ ಕೆಲವೇ ನಿಮಿಷಗಳಿಗೆ. ಟಿಬೆಟ್‌ನಲ್ಲಿ ನೆಲವೇ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿದೆ. ಇಳಿಯುವುದಾದರೂ ಎಲ್ಲಿಗೆ? ಅದಕ್ಕೇ ವಿಮಾನಗಳು ಆ ಭಾಗವನ್ನು ಬಿಟ್ಟು ಸುತ್ತಿಕೊಂಡು ಹೋಗುತ್ತವೆ.

ಎರಡನೆಯದು ದೇಶಗಳ ವಾಯುಪ್ರದೇಶ. 2022ರ ಫೆಬ್ರವರಿಯ ನಂತರ ರಷ್ಯಾ ತನ್ನ ಆಕಾಶವನ್ನು ಅಮೆರಿಕ, ಯುರೋಪಿನ ಕಂಪನಿಗಳಿಗೆ ಮುಚ್ಚಿತು. ಭಾರತದ ವಿಮಾನಗಳಿಗೆ ಅದು ತೆರೆದೇ ಇತ್ತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ಅರಬ್ಬೀ ಸಮುದ್ರದ ಕಡೆಯಿಂದ ಸುತ್ತಬೇಕಾಯಿತು. ಊರುಗಳು ಇದ್ದಲ್ಲೇ ಇದ್ದರೂ ಒಂದು ಆದೇಶದಿಂದ ದಾರಿ ನೂರಾರು ಕಿಲೋಮೀಟರ್ ಉದ್ದವಾಗುತ್ತದೆ. ಇದರ ಜೊತೆಗೆ, ಎರಡು ಎಂಜಿನ್ ವಿಮಾನ ಒಂದು ಎಂಜಿನ್ ಕೆಟ್ಟರೂ ನಿಗದಿತ ಸಮಯದೊಳಗೆ ಇಳಿಯಬಹುದಾದ ನಿಲ್ದಾಣದ ಆಸುಪಾಸಿನಲ್ಲೇ ಹಾರಬೇಕು. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ದೂರದ ಪೂರ್ವದ ಮಗದಾನ್‌ನಲ್ಲಿ ಇಳಿದದ್ದು ನೆನಪಿರಬಹುದು. ಅಷ್ಟು ದೂರದಲ್ಲೂ ಇಳಿಯಲು ಒಂದು ನಿಲ್ದಾಣ ಇತ್ತು. ದಾರಿ ಹಾಕುವಾಗಲೇ ಇಂಥ ನಿಲ್ದಾಣಗಳನ್ನು ಗುರುತಿಸಿ ಇಟ್ಟುಕೊಂಡಿರುತ್ತಾರೆ.

ಮೂರನೆಯದು ಗಾಳಿ. ಇದನ್ನು ನಾನು ಅಡ್ಡಿ ಅಂದೆ, ಆದರೆ ಒಮ್ಮೊಮ್ಮೆ ಇದೇ ದೊಡ್ಡ ಸಹಾಯ. ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನುವ ಬಿರುಗಾಳಿಯ ಹೊಳೆ ಹರಿಯುತ್ತದೆ. ಗಂಟೆಗೆ 150, 200 ಕಿಲೋಮೀಟರ್ ವೇಗ ಅದಕ್ಕೆ ಸಾಮಾನ್ಯ. ಅದರ ಜೊತೆ ಹೊರಟ ವಿಮಾನ ಹೊಳೆಯ ಸೆಳವಿನಲ್ಲಿ ಸಾಗುವ ದೋಣಿಯ ಹಾಗೆ.

ಈಗ 1ನೇ ಹಂತದಲ್ಲಿ ಹೇಳಿದ ಆ ಉದಾಹರಣೆ. ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಮೊದಲು ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು, ಸುಮಾರು 13,900 ಕಿಲೋಮೀಟರ್. 2016ರ ಅಕ್ಟೋಬರ್‌ನಲ್ಲಿ ಅದನ್ನು ಪೆಸಿಫಿಕ್ ಕಡೆಗೆ ತಿರುಗಿಸಿದರು. ದಾರಿ ಸುಮಾರು 15,300 ಕಿಲೋಮೀಟರ್ ಆಯಿತು. 1,400 ಕಿಲೋಮೀಟರ್ ಜಾಸ್ತಿ! ಆದರೂ ಹದಿನಾಲ್ಕೂವರೆ ಗಂಟೆಯಲ್ಲಿ ತಲುಪಿತು. ಹಳೆಯ ದಾರಿಗಿಂತ ಹೆಚ್ಚುಕಡಿಮೆ ಎರಡು ಗಂಟೆ ಬೇಗ. ಗಾಳಿ ಹಿಂದಿನಿಂದ ನೂಕುತ್ತಿದ್ದರೆ ಉದ್ದನೆಯ ದಾರಿಯೇ ಬೇಗ ಮುಗಿಯುವ ದಾರಿ ಆಗುತ್ತದೆ.

ಇನ್ನು ಉಳಿದದ್ದು ಆ 16,000. ಅದು 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂದ ಏರ್ ಇಂಡಿಯಾದ ಮೊದಲ ನೇರ ವಿಮಾನ ಹಾರಿದ ದೂರ. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ವಿಮಾನ ನಡೆಸಿದವರೆಲ್ಲ ಹೆಣ್ಣುಮಕ್ಕಳು. ಬೋಯಿಂಗ್ 777 ವಿಮಾನವನ್ನು ಉತ್ತರ ಧ್ರುವದ ಮೇಲೆ ಹಾರಿಸಿಕೊಂಡು, 17 ಗಂಟೆಗೂ ಹೆಚ್ಚು ಹೊತ್ತಿನ ನಂತರ ಕೆಂಪೇಗೌಡ ನಿಲ್ದಾಣದಲ್ಲಿ ಇಳಿಸಿದರು. ಹತ್ತಿರದ ದೂರ 14,000, ಹಾರಿದ್ದು 16,000. ಆ 2,000 ಕಿಲೋಮೀಟರ್ ವ್ಯತ್ಯಾಸದಲ್ಲಿ ಗಾಳಿ, ಬೆಟ್ಟ, ಗಡಿ ಎಲ್ಲದರ ಪಾಲೂ ಇದೆ.

ನಿಮ್ಮ ವಿಮಾನದ ದಾರಿ ಬೇಕಿದ್ದರೆ ಹೊರಡುವ ವಾರ ಫ್ಲೈಟ್‌ರಾಡಾರ್24 ಅಥವಾ ಫ್ಲೈಟ್‌ಅವೇರ್‌ನಲ್ಲಿ ವಿಮಾನದ ಸಂಖ್ಯೆ ಹಾಕಿ ನೋಡಿ. ಹಿಂದಿನ ಕೆಲವು ದಿನಗಳ ದಾರಿ ಗೆರೆಯಾಗಿ ಕಾಣುತ್ತದೆ. ಒಂದೇ ವಿಮಾನ ಸೋಮವಾರ ಒಂದು ದಾರಿ, ಗುರುವಾರ ಇನ್ನೊಂದು ದಾರಿ ಹಿಡಿದಿರುತ್ತದೆ.

ಹಂತ 7: ಕಿಲೋಮೀಟರ್‌ನಿಂದ ಗಂಟೆಗೆ

ದೊಡ್ಡ ವಿಮಾನಗಳ ವೇಗ ಗಂಟೆಗೆ ಸುಮಾರು 900 ಕಿಲೋಮೀಟರ್. 13,990ನ್ನು 900ರಿಂದ ಭಾಗಿಸಿದರೆ ಹದಿನೈದೂವರೆ ಗಂಟೆ. ಏರುವುದಕ್ಕೆ, ಇಳಿಯುವುದಕ್ಕೆ, ನೆಲದ ಮೇಲೆ ಓಡುವುದಕ್ಕೆ ಅರ್ಧ ಗಂಟೆ ಸೇರಿಸಿ. 16 ಗಂಟೆ. ಇದು ಗಾಳಿ ಇಲ್ಲದ ಲೆಕ್ಕ.

ಗಾಳಿ ಸೇರಿಸಬೇಕಾದರೆ ಪೂರ್ವಕ್ಕೆ ಹೋಗುವಾಗ ವೇಗಕ್ಕೆ ಕೂಡಿಸಿ, ಪಶ್ಚಿಮಕ್ಕೆ ಹೋಗುವಾಗ ಕಳೆಯಿರಿ. ದೆಹಲಿ ಉದಾಹರಣೆಯಲ್ಲೇ ನೋಡಿ. 15,300ನ್ನು 1,050ರಿಂದ ಭಾಗಿಸಿದರೆ ಹದಿನಾಲ್ಕೂವರೆ ಗಂಟೆ. 13,900ನ್ನು 840ರಿಂದ ಭಾಗಿಸಿದರೆ ಹದಿನಾರೂವರೆ. ಜೆಟ್ ಸ್ಟ್ರೀಮ್ ಚಳಿಗಾಲದಲ್ಲಿ ಇನ್ನೂ ಜೋರು. ಹಾಗಾಗಿ ಡಿಸೆಂಬರ್‌ನ ವೇಳಾಪಟ್ಟಿಯೂ ಜೂನ್‌ನದೂ ಒಂದೇ ಇರುವುದಿಲ್ಲ.

ಹಂತ 8: ಗಡಿಯಾರ ಮತ್ತು ದಿನಾಂಕ

ಟಿಕೆಟ್ ಮೇಲಿನ ಸಮಯ ಆಯಾ ಊರಿನ ಸಮಯ. ಚಳಿಗಾಲದಲ್ಲಿ ನಾವು ಸ್ಯಾನ್ ಫ್ರಾನ್ಸಿಸ್ಕೋಗಿಂತ ಹದಿಮೂರೂವರೆ ಗಂಟೆ ಮುಂದೆ. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಹನ್ನೆರಡೂವರೆ ಗಂಟೆ ಮುಂದೆ.

ಜನವರಿಯಲ್ಲಿ ಮಧ್ಯಾಹ್ನ 2 ಗಂಟೆಗೆ ಬೆಂಗಳೂರು ಬಿಟ್ಟಿರಿ ಅಂತ ಇಟ್ಟುಕೊಳ್ಳಿ. 16 ಗಂಟೆ ಕೂಡಿಸಿದರೆ ನಮ್ಮ ಮರುದಿನ ಬೆಳಗ್ಗೆ 6. ಅದರಲ್ಲಿ ಹದಿಮೂರೂವರೆ ಕಳೆಯಿರಿ. ಅಲ್ಲಿ ಅದೇ ದಿನ ಸಂಜೆ ನಾಲ್ಕೂವರೆ! ಬರುವಾಗ ಇದು ತಿರುಗುಮುರುಗಾಗುತ್ತದೆ. ಶನಿವಾರ ರಾತ್ರಿ ಎಂಟೂವರೆಗೆ ಅಲ್ಲಿಂದ ಹೊರಟರೆ ಇಲ್ಲಿ ಇಳಿಯುವುದು ಸೋಮವಾರ ಬೆಳಗಿನ ಜಾವ. ಭಾನುವಾರ ಪೂರ್ತಿ ಆಕಾಶದಲ್ಲೇ ಕಳೆದಿರುತ್ತದೆ. ಮದುವೆ, ಗೃಹಪ್ರವೇಶಕ್ಕೆ ಬರುವವರು ದಯವಿಟ್ಟು ಈ ಎರಡು ದಿನ ಲೆಕ್ಕದಲ್ಲಿ ಇಟ್ಟುಕೊಳ್ಳಿ. ಕರೆದುಕೊಂಡು ಬರಲು ಹೋಗುವವರೂ ಅಷ್ಟೇ. ಬೆಳಗಿನ ಜಾವ ಮೂರು ಗಂಟೆ ಅಂದರೆ ಹಿಂದಿನ ರಾತ್ರಿಯೇ ಮನೆ ಬಿಡಬೇಕು.

ಹಂತ 9: ನಡುವೆ ಇಳಿದು ಹೋಗುವುದಾದರೆ

ನೇರ ವಿಮಾನ ಎಲ್ಲ ಕಾಲದಲ್ಲೂ ಇರುವುದಿಲ್ಲ, ಇದ್ದರೂ ಎಲ್ಲ ದಿನ ಇರುವುದಿಲ್ಲ. ನಡುವೆ ಇಳಿಯುವ ಟಿಕೆಟ್ ಆದರೆ ಎರಡು ತುಂಡುಗಳನ್ನೂ 4ನೇ ಹಂತದಂತೆ ಲೆಕ್ಕ ಹಾಕಿ ಕೂಡಿಸಿ. ನಾನು ಹಾಕಿದ ಲೆಕ್ಕ ಹೀಗೆ ಬಂತು:

ದೆಹಲಿ ಮೂಲಕ: 1,710 ಮತ್ತು 12,380, ಒಟ್ಟು ಸುಮಾರು 14,090.
ದುಬೈ ಮೂಲಕ: 2,695 ಮತ್ತು 13,020, ಒಟ್ಟು ಸುಮಾರು 15,715.
ಫ್ರಾಂಕ್‌ಫರ್ಟ್ ಮೂಲಕ: 7,400 ಮತ್ತು 9,150, ಒಟ್ಟು ಸುಮಾರು 16,550.
ಸಿಂಗಾಪುರ ಮೂಲಕ: 3,180 ಮತ್ತು 13,580, ಒಟ್ಟು ಸುಮಾರು 16,760.

ದೆಹಲಿಯನ್ನು ನೋಡಿ. ಅಲ್ಲಿ ಇಳಿದು ಹೋದರೂ 100 ಕಿಲೋಮೀಟರ್ ಅಷ್ಟೇ ಹೆಚ್ಚು. ಹತ್ತಿರದ ದಾರಿ ಉತ್ತರಕ್ಕೇ ಹೋಗುವುದರಿಂದ ದೆಹಲಿ ದಾರಿಯ ಮಗ್ಗುಲಲ್ಲೇ ಸಿಗುತ್ತದೆ. ಪೆಸಿಫಿಕ್ ಕಡೆಗಿರುವ ಸಿಂಗಾಪುರ ಹತ್ತಿರ ಅನಿಸಿದರೂ ಈ ನಾಲ್ಕರಲ್ಲಿ ಅದೇ ದೂರ.

ಆದರೆ ಈ ಪಟ್ಟಿ ನೋಡಿ ಟಿಕೆಟ್ ಕೊಳ್ಳಬೇಡಿ. ನಡುವಿನ ನಿಲ್ದಾಣದಲ್ಲಿ ಕಾಯುವ ಹೊತ್ತು ಇವೆಲ್ಲವನ್ನೂ ಮೀರಿಸುತ್ತದೆ. ಒಂದು ಸಾವಿರ ಕಿಲೋಮೀಟರ್ ಅಂದರೆ ವಿಮಾನಕ್ಕೆ ಒಂದು ಗಂಟೆ ಚಿಲ್ಲರೆ. ಕಾಯುವುದು ಮೂರು ಗಂಟೆಯೂ ಆಗಬಹುದು, ಹನ್ನೊಂದೂ ಆಗಬಹುದು. ಹಾಗಾಗಿ ಮನೆಯ ಬಾಗಿಲಿನಿಂದ ಮನೆಯ ಬಾಗಿಲಿಗೆ ಒಟ್ಟು ಗಂಟೆ ನೋಡಿ. ಅಪ್ಪ ಅಮ್ಮನನ್ನು ಒಂಟಿಯಾಗಿ ಕಳಿಸುವುದಿದ್ದರೆ ನೇರ ವಿಮಾನಕ್ಕೆ ಸ್ವಲ್ಪ ಹಣ ಜಾಸ್ತಿಯಾದರೂ ಕೊಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಗೊತ್ತಿಲ್ಲದ ನಿಲ್ದಾಣದಲ್ಲಿ ಟರ್ಮಿನಲ್ ಬದಲಾಯಿಸುವ ಗಾಬರಿ ತಪ್ಪುತ್ತದೆ. ಆದರೆ ಮಂಡಿ ನೋವಿರುವವರಿಗೆ, 16 ಗಂಟೆ ಒಂದೇ ಸಮನೆ ಕೂರಲಾಗದವರಿಗೆ ನಡುವೆ ಇಳಿದು ಕಾಲು ಆಡಿಸುವುದೇ ಹಿತ. ಟಿಕೆಟ್ ಕೊಳ್ಳುವಾಗಲೇ ಗಾಲಿಕುರ್ಚಿಗೆ ಹೇಳಿಡಿ.

ನಿಮ್ಮ ಊರಿನ ಲೆಕ್ಕ

ಈಗ ನಿಮಗೆ ಬೇಕಾದ ಎರಡು ಊರು ತೆಗೆದುಕೊಳ್ಳಿ. ಸಮಭಾಜಕದ ದಕ್ಷಿಣಕ್ಕಿರುವ ಊರಾದರೆ ಅಕ್ಷಾಂಶದ ಮುಂದೆ ಮೈನಸ್ ಹಾಕಬೇಕು, ಅದೊಂದು ಮರೆತರೆ ಉತ್ತರ ಬೇರೆಯೇ ಬರುತ್ತದೆ. ಕೈ ಪಳಗಲು ಮೂರು ಲೆಕ್ಕ ಕೊಡುತ್ತೇನೆ. ಮಂಗಳೂರು ನಿಲ್ದಾಣ 12.96 ಉತ್ತರ, 74.89 ಪೂರ್ವ, ದುಬೈ 25.25 ಉತ್ತರ, 55.36 ಪೂರ್ವ. ಇವೆರಡರ ನಡುವೆ ಸುಮಾರು 2,460 ಕಿಲೋಮೀಟರ್ ಬರಬೇಕು. ಲಂಡನ್ ಹೀಥ್ರೂ 51.47 ಉತ್ತರ, 0.45 ಪಶ್ಚಿಮ, ಬೆಂಗಳೂರಿನಿಂದ ಸುಮಾರು 8,040. ಸಿಡ್ನಿ 33.95 ದಕ್ಷಿಣ, 151.18 ಪೂರ್ವ, ಬೆಂಗಳೂರಿನಿಂದ ಸುಮಾರು 9,350. ಸಿಡ್ನಿಯ ಉತ್ತರ ಇದಕ್ಕಿಂತ ತುಂಬಾ ಕಡಿಮೆ ಬಂದರೆ ಮೈನಸ್ ಬಿಟ್ಟುಹೋಗಿದೆ, ಹಾಕಿ ಮತ್ತೊಮ್ಮೆ ನೋಡಿ.